ದಿನ ತುಂಬದ ಕೂಸಿನ ಹೃದಯವೂ ಆಹಾರವೂ

ಅರ್ಥಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಹೃದಯ, ಧಮನಿ, ಕ್ಯಾಲೊರಿ ಎಂದು ಬರೆಯಹೊರಟರೆ ವಾಚಕರಲ್ಲಿ ಕೆಲವರಿಗೆ ನಗು ಬಂದೀತು. ಇದು ವೈದ್ಯರ ಕ್ಷೇತ್ರವೆಂಬುದನ್ನು ನಾನೂ ಬಲ್ಲೆ. ಆದರೆ ಕಳೆದ ವರ್ಷ ನಮ್ಮ ಮನೆಯಲ್ಲಿ ಆಸ್ಪತ್ರೆಯ ಚೀಟಿಯನ್ನು ಓದಬಲ್ಲವಳು ನಾನೊಬ್ಬಳೇ ಆಗಿದ್ದೆನು. ಅಕ್ಕನ ಕೂಸಿಗೆ ಏನಾಗಿದೆ ಎಂದು ಅಪ್ಪ, ಅವ್ವ, ಅಜ್ಜಿ, ಭಾವ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಚೀಟಿಯಲ್ಲಿದ್ದ ಅಕ್ಷರಗಳನ್ನು ಓದಿದೆನೇ ಹೊರತು ಅರ್ಥವನ್ನು ಹೇಳಲು ನನ್ನಿಂದಾಗಲಿಲ್ಲ. ಅಂದು ಹೇಳಲಾರದೆ ಹೋದುದನ್ನು ಆ ಮೇಲೆ ವೈದ್ಯರನ್ನು ಕೇಳಿ, ಪುಸ್ತಕಗಳನ್ನು ನೋಡಿ ತಿಳಿದುಕೊಂಡೆನು. ಅದನ್ನೇ ಇಲ್ಲಿ ನಿರೂಪಿಸಿದ್ದೇನೆ. ತಪ್ಪುಗಳಿದ್ದರೆ ಬಲ್ಲವರು ತಿದ್ದಬೇಕು.

ಶಿಶುವು ತಾಯಿಯ ಗರ್ಭದಲ್ಲಿ ಸುಮಾರು 40 ವಾರ ಬೆಳೆಯುವುದಷ್ಟೆ. 37 ವಾರ ತುಂಬುವುದಕ್ಕೆ ಮುಂಚೆಯೇ ಹುಟ್ಟಿದುದನ್ನು ಅಕಾಲಜನಿತ ಶಿಶು ಎನ್ನುವರು. ನಮ್ಮ ಊರಿನ ಮಾತಿನಲ್ಲಿ ದಿನ ತುಂಬದ ಕೂಸು. 2020ನೆಯ ಇಸವಿಯೊಂದರಲ್ಲಿಯೇ ಜಗತ್ತಿನಲ್ಲಿ ಇಂತಹ ಶಿಶುಗಳು ಸುಮಾರು 1 ಕೋಟಿ 34 ಲಕ್ಷ ಹುಟ್ಟಿದವೆಂದೂ, ಅವುಗಳಲ್ಲಿ ಸುಮಾರು 30 ಲಕ್ಷ ನಮ್ಮ ಭಾರತದವೇ ಎಂದೂ ಅಂದಾಜು ಮಾಡಲಾಗಿದೆ. ಏಳರಲ್ಲಿ ಹುಟ್ಟಿದ್ದು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಇದೆ. ಇದು ನಮ್ಮ ಅಜ್ಜಿಯರ ಸ್ವತ್ತೆಂದು ನಾನು ತಿಳಿದಿದ್ದೆ. ಪ್ರಾಚೀನ ಗ್ರೀಕರೂ ಹೀಗೆಯೇ ನಂಬಿದ್ದರು. ಎಂಟು ತಿಂಗಳ ಶಿಶುವನ್ನು ಕುರಿತ ಒಂದು ಗ್ರಂಥವು ಹಿಪೊಕ್ರೆಟೀಸನ ಹೆಸರಿನಲ್ಲಿಯೇ ಇರುವುದು. ಆದರೆ ಇದು ನಿಜವಲ್ಲ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಶಿಶುವಿನ ಬದುಕಿಗೆ ಬಲವನ್ನೇ ಕೊಡುವುದು. ಎಂಟನೆಯ ತಿಂಗಳಿನ ಕೂಸು ಏಳರ ಕೂಸಿಗಿಂತ ಗಟ್ಟಿ. ಅಕ್ಕನ ಮಗಳು ಹುಟ್ಟಿದ್ದು 31 ವಾರಕ್ಕೆ, ಅಂದರೆ ಏಳು ಮುಗಿದು ಎಂಟರಲ್ಲಿ. ಆ ರಾತ್ರಿ ಅಜ್ಜಿ ಮೂಲೆಯಲ್ಲಿ ಕುಳಿತು ಏಕೆ ಅತ್ತಳೆಂಬುದು ನನಗೆ ಬೆಳಗಾದ ಮೇಲೆ ತಿಳಿಯಿತು. ಕೂಸಿನ ತೂಕ 1,420 ಗ್ರಾಂ ಇದ್ದಿತು.

ಗರ್ಭದ ಕೊನೆಯ ಮೂರು ತಿಂಗಳುಗಳನ್ನು ಶಿಶುವು ಗಂಟು ಕಟ್ಟಿಕೊಳ್ಳುವ ಕಾಲ ಎನ್ನಬಹುದು. ಚರ್ಮದ ಕೆಳಗಿನ ಕೊಬ್ಬು, ಮೂಳೆಗೆ ಬೇಕಾದ ಸುಣ್ಣ ಮತ್ತು ರಂಜಕ, ರಕ್ತಕ್ಕೆ ಬೇಕಾದ ಕಬ್ಬಿಣ ಇವುಗಳಲ್ಲಿ ಬಹುಪಾಲು ಶೇಖರವಾಗುವುದು ಆಗಲೇ. ಬೇಗ ಹುಟ್ಟಿದ ಶಿಶುವು ಈ ಗಂಟಿಲ್ಲದೆ ಬರಿಗೈಯಲ್ಲಿ ಲೋಕಕ್ಕೆ ಬರುತ್ತದೆ. ಮೇಲಾಗಿ, ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಸುಮಾರು 34 ವಾರಗಳವರೆಗೆ ಬರುವುದಿಲ್ಲ. ಆದುದರಿಂದ ಮೂಗಿನ ಅಥವಾ ಬಾಯಿಯ ಮೂಲಕ ಜಠರಕ್ಕೆ ಸಣ್ಣ ನಳಿಕೆಯನ್ನಿಟ್ಟು ಹಾಲು ಬಿಡುವರು. ಆ ಮೇಲೆ ಒಳಲೆ, ಆ ಮೇಲೆ ಎದೆ. ಬೆಳ್ಳಿಯದಾಗಲಿ ಸ್ಟೀಲಿನದಾಗಲಿ, ನಮ್ಮ ಮನೆಗಳಲ್ಲಿ ಅಟ್ಟದ ಮೇಲೆ ಬಿದ್ದಿರುವ ಈ ಒಳಲೆಗೆ ಆಧುನಿಕ ಆಸ್ಪತ್ರೆಯಲ್ಲಿ ಇಷ್ಟು ಮರ್ಯಾದೆ ಇರುವುದನ್ನು ಕಂಡು ನನಗೆ ಸಂತೋಷವಾಯಿತು.

ಇನ್ನು ಹೃದಯದ ವಿಷಯ. ಗರ್ಭದಲ್ಲಿರುವ ಶಿಶುವು ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ತಾಯಿಯಿಂದಲೇ ಬರುವುದು. ಹೀಗಿರಲು ಶ್ವಾಸಕೋಶಗಳಿಗೆ ಹೆಚ್ಚು ರಕ್ತ ಹೋಗಬೇಕಾದ ಅಗತ್ಯವಿಲ್ಲ. ಶ್ವಾಸಕೋಶಕ್ಕೆ ಹೊರಟ ರಕ್ತವನ್ನು ನಡುದಾರಿಯಲ್ಲಿಯೇ ಮಹಾಪಧಮನಿಗೆ, ಅಂದರೆ ಇಡೀ ದೇಹಕ್ಕೆ ರಕ್ತವನ್ನೊಯ್ಯುವ ಹೆಗ್ಗಾಲುವೆಗೆ, ತಿರುಗಿಸುವ ಒಂದು ಕಿರುನಾಳವಿದೆ. ದಿನ ತುಂಬಿ ಹುಟ್ಟಿದ ಶಿಶುವಿನಲ್ಲಿ ಹುಟ್ಟಿದ ಎರಡು ಮೂರು ದಿನಗಳಲ್ಲಿ ಈ ನಾಳವು ತಾನಾಗಿಯೇ ಬಿಗಿದು ಮುಚ್ಚಿಕೊಳ್ಳುವುದು. ದಿನ ತುಂಬದ ಶಿಶುಗಳಲ್ಲಿ ಅನೇಕ ವೇಳೆ ಅದು ತೆರೆದೇ ಉಳಿಯುವುದು. ವೈದ್ಯರು ಚೀಟಿಯಲ್ಲಿ ಪಿ.ಡಿ.ಎ. ಎಂದು ಮೂರಕ್ಷರ ಬರೆಯುವುದು ಇದನ್ನೇ. ಇದಲ್ಲದೆ ಹೃದಯದ ಎರಡು ಕೆಳಕೋಣೆಗಳ ನಡುವಣ ಗೋಡೆಯಲ್ಲಿ ರಂಧ್ರವಿರುವುದೇ ಮೊದಲಾದ ಜನ್ಮದೋಷಗಳೂ ಉಂಟು. ಹುಟ್ಟುವ ಸಾವಿರ ಶಿಶುಗಳಲ್ಲಿ ಎಂಟು ಒಂಬತ್ತಕ್ಕೆ ಹೃದಯದ ಯಾವುದಾದರೊಂದು ಜನ್ಮದೋಷವಿರುವುದೆಂದೂ, ಬೇಗ ಹುಟ್ಟಿದವುಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚೆಂದೂ ತಿಳಿದುಬರುತ್ತದೆ.

ನಾಳ ತೆರೆದಿದ್ದರೆ ಆಗುವ ನಷ್ಟವೇನು? ನಮ್ಮ ಹೊಲದ ಬಾವಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಪಂಪ್‌ಸೆಟ್ ಓಡುತ್ತಿದೆ. ಆದರೆ ಮೇಲಕ್ಕೆ ಬಂದ ಪೈಪು ಬಾವಿಯ ಅಂಚಿನಲ್ಲಿಯೇ ಸೀಳಿರುವುದರಿಂದ ಅರ್ಧ ನೀರು ಮತ್ತೆ ಬಾವಿಗೇ ಸುರಿಯುತ್ತಿದೆ. ಮೋಟಾರು ಹಗಲೂ ರಾತ್ರಿ ಓಡಿ ಕಾಯುವುದು, ವಿದ್ಯುಚ್ಛಕ್ತಿ ಖರ್ಚಾಗುವುದು, ಗದ್ದೆ ಮಾತ್ರ ಒಣಗಿರುವುದು. ಹುಟ್ಟಿದ ಮೇಲೆ ಮಹಾಪಧಮನಿಯಲ್ಲಿ ಒತ್ತಡ ಹೆಚ್ಚಾಗುವುದರಿಂದ ದೇಹಕ್ಕೆ ಹೋಗಬೇಕಾದ ರಕ್ತದಲ್ಲಿ ಒಂದು ಪಾಲು ಆ ನಾಳದ ಮೂಲಕ ಶ್ವಾಸಕೋಶಕ್ಕೇ ಹಿಂದಿರುಗಿ, ಅಲ್ಲಿಂದ ಪುನಃ ಹೃದಯಕ್ಕೇ ಬರುವುದು. ಹೃದಯವು ಒಂದೇ ರಕ್ತವನ್ನು ಎರಡೆರಡು ಸಲ ನೂಕುವುದು. ಶ್ವಾಸಕೋಶಗಳಲ್ಲಿ ರಕ್ತ ತುಂಬಿಕೊಂಡು ಉಸಿರು ವೇಗವಾಗುವುದು. ಅತ್ತ ಕರುಳಿಗೆ ಹೋಗುವ ರಕ್ತ ಕಡಿಮೆಯಾಗಿ ಕುಡಿದ ಹಾಲು ಸರಿಯಾಗಿ ಜೀರ್ಣವಾಗದು.

ಇಂತಹ ಕೂಸು ಹಾಲು ಕುಡಿಯುವುದನ್ನು ಒಮ್ಮೆ ನೋಡಿದವರು ಮರೆಯಲಾರರು. ನಾಲ್ಕು ಗುಟುಕು ಹೀರುವುದು, ನಿಲ್ಲಿಸಿ ಏದುಸಿರು ಬಿಡುವುದು, ಹಣೆಯ ಮೇಲೆ ಬೆವರು ಮೂಡುವುದು, ಮತ್ತೆ ಎರಡು ಗುಟುಕು, ಅಷ್ಟರಲ್ಲಿ ನಿದ್ರೆ. ನಮಗೆ ಮೈಲಿ ದೂರ ಓಡಿದಷ್ಟು ದಣಿವು ಅದಕ್ಕೆ ಹೊಟ್ಟೆ ತುಂಬಿಸಿಕೊಳ್ಳುವುದರಲ್ಲಿಯೇ ಆಗುವುದು. ಹಣೆಯ ಬೆವರನ್ನು ಕಂಡು ನಾವು ಸೆಕೆ ಎಂದುಕೊಂಡು ಬೀಸಣಿಗೆ ಬೀಸಿದೆವು.

38ನೆಯ ದಿನ ಕೂಸು 1,900 ಗ್ರಾಂ ಆಗಿ ಮನೆಗೆ ಬಂದಿತು. ಹೃದಯದಲ್ಲಿ ಸದ್ದಿದೆ, ಮತ್ತೆ ತೋರಿಸಿ ಎಂದಿದ್ದರು. ಅಲ್ಲಿಂದ ಮುಂದಿನ 40 ದಿನಗಳಲ್ಲಿ ಅದು ಹೆಚ್ಚಿಸಿಕೊಂಡದ್ದು 240 ಗ್ರಾಂ, ದಿನಕ್ಕೆ 6 ಗ್ರಾಂ. ಕನಿಷ್ಠ 20 ಗ್ರಾಂ ಆದರೂ ಏರಬೇಕಾಗಿತ್ತು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ನಡೆದುದನ್ನು ಬರೆಯಲು ಸಂಕೋಚವಾಗುತ್ತದೆಯಾದರೂ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

“ನಿನ್ನ ಹಾಲು ಬರೀ ನೀರು ಕಣವ್ವ. ಅದರಲ್ಲಿ ಕೂಸು ಎಲ್ಲಿಂದ ಮೈ ತುಂಬ್ಕೊಂಡೀತು?” ಎಂದು ಅಜ್ಜಿ ಅಕ್ಕನಿಗೆ ಹೇಳಿದಳು. ಅಜ್ಜಿ ಕೆಟ್ಟವಳಲ್ಲ, ಆರು ಮಕ್ಕಳನ್ನು ಸಾಕಿದವಳು, ಕಂಡದ್ದನ್ನು ಹೇಳಿದಳು. ಬೀಗರ ಮನೆಯಿಂದ ಬಂದವರೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿ ಹೋದರು. ಬಾಣಂತಿ ಹೆಚ್ಚು ನೀರು ಕುಡಿಯಬಾರದೆಂಬ ಪಥ್ಯ ಬೇರೆ. ಅಕ್ಕ ಯಾರಿಗೂ ಉತ್ತರ ಕೊಡಲಿಲ್ಲ. ಕೊನೆಗೆ ಔಷಧದಂಗಡಿಯಿಂದ ಹಾಲಿನ ಪುಡಿಯ ಡಬ್ಬಿಯೊಂದು ಬಂದಿತು. ಬೆಲೆ ಹೆಚ್ಚಾದುದರಿಂದ ಅದು ಬೇಗ ಮುಗಿಯಬಾರದೆಂದು ಅವ್ವ ಹತ್ತು ದಿನ ಅದನ್ನು ತೆಳ್ಳಗೆ ಕಲಸಿ ಕೊಟ್ಟಳು. ಡಬ್ಬಿಯ ಮೇಲಿದ್ದ ಅಳತೆಯನ್ನು ಅವಳಿಗೆ ಓದಿ ಹೇಳುವುದು ನನ್ನ ಕೆಲಸವಾಗಿತ್ತು. ಆ ವಾರ ನನಗೆ ಆಂತರಿಕ ಪರೀಕ್ಷೆ ಇದ್ದಿತು.

ಈಗ ಲೆಕ್ಕವನ್ನು ನೋಡೋಣ. ಆಯವ್ಯಯ ಪತ್ರವನ್ನು ಓದುವುದು ನಮ್ಮ ವಿಷಯವೇ ಆದುದರಿಂದ ಇಲ್ಲಿ ಸ್ವಲ್ಪ ಧೈರ್ಯದಿಂದ ಬರೆಯಬಲ್ಲೆ. ಅಕ್ಕ ಹಾಲನ್ನು ಹಿಂಡಿ ಒಳಲೆಯಲ್ಲಿ ಹಾಕುತ್ತಿದ್ದಳಾಗಿ ಕೂಸು ಎಷ್ಟು ಕುಡಿಯಿತೆಂಬುದು ನಮಗೆ ತಿಳಿದಿತ್ತು. 2 ಕಿಲೋ ತೂಕದ ಕೂಸು ದಿನಕ್ಕೆ ಸುಮಾರು 300 ಮಿ.ಲೀ. ಕುಡಿಯುತ್ತಿತ್ತು. ಇದು ಕಡಿಮೆಯೇನೂ ಅಲ್ಲ. ತಾಯಿಯ ಹಾಲಿನ 100 ಮಿ.ಲೀ.ಗೆ ಸುಮಾರು 67 ಕ್ಯಾಲೊರಿ ಎಂದಿಟ್ಟುಕೊಂಡರೆ ಒಟ್ಟು ವರಮಾನ 200 ಕ್ಯಾಲೊರಿ, ಎಂದರೆ ಕಿಲೋ ತೂಕಕ್ಕೆ 100. ದಿನ ತುಂಬಿದ, ಆರೋಗ್ಯವಾದ ಕೂಸು ಇಷ್ಟರಲ್ಲಿ ಚೆನ್ನಾಗಿ ಬೆಳೆಯುವುದು. ಬೇಗ ಹುಟ್ಟಿದ ಕೂಸಿಗೆ ಕಿಲೋಗೆ 110ರಿಂದ 135 ಬೇಕೆನ್ನುವರು. ಹೃದಯದ ಹೊರೆಯೂ ಇದ್ದರೆ 120ರಿಂದ 150ರವರೆಗೂ ಬೇಕಾದೀತು. 130 ಎಂದು ಹಿಡಿದರೆ ನಮ್ಮ ಕೂಸಿಗೆ ಬೇಕಾಗಿದ್ದುದು 260. ಕೊರತೆ 60 ಕ್ಯಾಲೊರಿ. ಒಂದು ಏಲಕ್ಕಿ ಬಾಳೆಹಣ್ಣಿನಲ್ಲಿ ಹೆಚ್ಚು ಕಡಿಮೆ ಅಷ್ಟಿರುವುದು. ಆದರೆ ಒಂದು ಗ್ರಾಂ ಮೈ ಕಟ್ಟಲು ಶಿಶುವಿಗೆ 4ರಿಂದ 5 ಕ್ಯಾಲೊರಿ ಬೇಕು. ಎಂದ ಮೇಲೆ 60 ಕ್ಯಾಲೊರಿಯ ಕೊರತೆಯೆಂದರೆ ದಿನಕ್ಕೆ 12ರಿಂದ 15 ಗ್ರಾಂ ಬೆಳವಣಿಗೆ ಖೋತಾ! ನಮ್ಮ ಪುಸ್ತಕದಲ್ಲಿದ್ದ 6ಕ್ಕೆ ಇದನ್ನು ಕೂಡಿಸಿದರೆ ಬರಬೇಕಾಗಿದ್ದ 20ರ ಹತ್ತಿರಕ್ಕೇ ಬರುವುದು. ಈ ಲೆಕ್ಕವನ್ನು ಮೊದಲ ಸಲ ಮಾಡಿದ ದಿನ ಕಾಗದವನ್ನು ತೆಗೆದುಕೊಂಡು ಹೋಗಿ ಅಕ್ಕನಿಗೆ ತೋರಿಸಿದೆನು. ತೆಳ್ಳಗೆ ಕಲಸಿದ ಹತ್ತು ದಿನಗಳು ಈ ಕೊರತೆಯನ್ನು ಇನ್ನಷ್ಟು ಹೆಚ್ಚಿಸಿದ್ದುವು ಎಂಬುದನ್ನು ಅವ್ವನಿಗೆ ಇನ್ನೂ ಹೇಳಿಲ್ಲ.

ಇದು ನನ್ನ ಊಹೆಯ ಲೆಕ್ಕ ಮಾತ್ರವಲ್ಲ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೃದಯದ ಕೆಳಕೋಣೆಗಳ ನಡುವೆ ರಂಧ್ರವಿದ್ದ, 3ರಿಂದ 5 ತಿಂಗಳ ಕೆಲವು ಶಿಶುಗಳನ್ನು ಅದೇ ವಯಸ್ಸಿನ ಆರೋಗ್ಯವಂತ ಶಿಶುಗಳೊಡನೆ ಹೋಲಿಸಿ ನೋಡಿದರು. ಎರಡು ಗುಂಪಿನವೂ ತೂಕಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಒಂದೇ ಪ್ರಮಾಣದ ಆಹಾರವನ್ನು ಸೇವಿಸುತ್ತಿದ್ದುವು. ಆದರೆ ಹೃದಯದೋಷವಿದ್ದ ಶಿಶುಗಳ ಒಟ್ಟು ಶಕ್ತಿವ್ಯಯವು ನೂರಕ್ಕೆ 40ರಷ್ಟು ಹೆಚ್ಚಾಗಿದ್ದಿತು. ಹಾಲು ಸಾಲದೆ ಬಂದ ಕೃಶತೆಯಲ್ಲ ಅದು. ಬಂದ ಹಾಲೆಲ್ಲ ಬದುಕುವುದಕ್ಕೇ ಖರ್ಚಾಗಿ ಬೆಳೆಯುವುದಕ್ಕೆ ಉಳಿಯದೆ ಹೋಗುವುದು. ಶಿಶುಗಳ ಸಂಖ್ಯೆ ಚಿಕ್ಕದಾದರೂ ಅಕ್ಕನಂತಹ ತಾಯಂದಿರ ಪಾಲಿಗೆ ಈ ಅಧ್ಯಯನ ದೊಡ್ಡದೆಂದು ನನ್ನ ಭಾವನೆ.

ಹಾಗಾದರೆ ಹೆಚ್ಚು ಹಾಲು ಕುಡಿಸಿಬಿಡಬಹುದಲ್ಲ ಎಂದು ಯಾರಿಗಾದರೂ ತೋರೀತು. ಇಲ್ಲಿಯೇ ತೊಡಕಿರುವುದು. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ನೀರು ಹೆಚ್ಚಾದಷ್ಟೂ ರಕ್ತದ ಗಾತ್ರ ಹೆಚ್ಚಿ, ದಣಿದ ಹೃದಯಕ್ಕೆ ಹೊರೆಯೂ, ತುಂಬಿದ ಶ್ವಾಸಕೋಶಕ್ಕೆ ಇನ್ನಷ್ಟು ತುಂಬುವಿಕೆಯೂ ಆಗುವುದು. ಆದುದರಿಂದ ವೈದ್ಯರು ಒಂದು ಕೈಯಿಂದ ಹೆಚ್ಚು ಆಹಾರ ಕೊಡಿ ಎನ್ನುವರು, ಇನ್ನೊಂದು ಕೈಯಿಂದ ನೀರನ್ನು ತಡೆಯುವರು. ನಾವು ಎರಡನೆಯ ಸಲ ಹೋದ ದೊಡ್ಡ ಆಸ್ಪತ್ರೆಯಲ್ಲಿ 2,140 ಗ್ರಾಂ ತೂಕದ ಕೂಸಿಗೆ ದಿನಕ್ಕೆ 280 ಮಿ.ಲೀ. ಮಿತಿಯನ್ನು ಹಾಕಿದರು. ಬರಿಯ ಹಾಲಾದರೆ ಅದರಲ್ಲಿ 188 ಕ್ಯಾಲೊರಿ ಮಾತ್ರ. ಉಳಿದ ದಾರಿ ಒಂದೇ: ಅಷ್ಟೇ ಹಾಲಿನಲ್ಲಿ ಹೆಚ್ಚು ಸತ್ತ್ವವನ್ನು ಸೇರಿಸುವುದು. ತಾಯಿಯ ಹಾಲಿಗೆ ಪ್ರೋಟೀನು, ಸುಣ್ಣ, ಲವಣಗಳುಳ್ಳ ಬಲವರ್ಧಕ ಪುಡಿಯನ್ನು ಬೆರೆಸಿ 100 ಮಿ.ಲೀ.ಗೆ 80 ಕ್ಯಾಲೊರಿಗೂ, ಕರುಳು ಒಗ್ಗಿದಂತೆ ಹಂತಹಂತವಾಗಿ 100ರ ಸಮೀಪಕ್ಕೂ ಏರಿಸಿದರು. ಇದನ್ನು ವೈದ್ಯರ ಅಳತೆಯಿಲ್ಲದೆ ಮನೆಯಲ್ಲಿ ಮಾಡತಕ್ಕದ್ದಲ್ಲ. ಅವಸರಪಟ್ಟರೆ ಕರುಳಿನ ಗೋಡೆಯೇ ಕೊಳೆಯುವ ಭಯಂಕರವಾದ ರೋಗವೊಂದು ದಿನ ತುಂಬದ ಶಿಶುಗಳಿಗೆ ಬರುವುದುಂಟು. ಕರುಳಿಗೆ ರಕ್ತ ಕಡಿಮೆಯಾಗಿದ್ದರೆ ಅಪಾಯ ಹೆಚ್ಚು. ಆ ರೋಗದಿಂದ ಕಾಪಾಡುವುದರಲ್ಲಿ ತಾಯಿಯ ಹಾಲು ಡಬ್ಬಿಯ ಹಾಲಿಗಿಂತ ಮೇಲೆಂಬುದು ನಿಸ್ಸಂದೇಹವಾಗಿ ಸಿದ್ಧಪಟ್ಟಿದೆ. ಅಜ್ಜಿ ನೀರೆಂದ ಹಾಲು ಇದೇ. ಅವಧಿಗೆ ಮುಂಚೆ ಹೆತ್ತ ತಾಯಿಯ ಮೊದಲ ವಾರಗಳ ಹಾಲಿನಲ್ಲಿ ಪ್ರೋಟೀನಿನ ಅಂಶವೂ ಹೆಚ್ಚಿರುವುದೆಂದು ಓದಿದಾಗ ನನಗೆ ಬಹಳ ಆಶ್ಚರ್ಯವಾಯಿತು.

ಕಾಸಿಲ್ಲದ ಉಪಾಯವೊಂದನ್ನು ಅಲ್ಲಿಯ ದಾದಿ ಅಕ್ಕನಿಗೆ ಹೇಳಿಕೊಟ್ಟರು. ಹಾಲು ಹಿಂಡುವಾಗ ಮೊದಲು ಬರುವ ಹಾಲು ತೆಳು. ಕೊನೆಗೆ ಬರುವುದರಲ್ಲಿ ಕೊಬ್ಬು ಹೆಚ್ಚು. ಮೊದಲಿನದನ್ನು ಬೇರೆ ತೆಗೆದಿಟ್ಟು ಕೊನೆಯದನ್ನು ಕೂಸಿಗೆ ಮೊದಲು ಕೊಡಬೇಕು. ಕುಡಿಯುವ ಶ್ರಮವನ್ನೂ ಉಳಿಸಲು, ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ದಣಿಸದೆ ಉಳಿದುದನ್ನು ನಳಿಕೆಯಲ್ಲಿ ಬಿಟ್ಟರು. ಜತೆಗೆ ದೇಹದ ನೀರನ್ನು ಇಳಿಸುವ ಔಷಧ, ಕಬ್ಬಿಣದ ಹನಿ, ಡಿ ಜೀವಸತ್ತ್ವ. ಮುಂದಿನ ತಿಂಗಳಲ್ಲಿ ಕೂಸು 500 ಗ್ರಾಂ ಏರಿತು.

ವ್ಯಯವನ್ನು ತಗ್ಗಿಸುವ ಇನ್ನೊಂದು ಮಾರ್ಗವೆಂದರೆ ಕೂಸನ್ನು ಬೆಚ್ಚಗಿಡುವುದು. ಕೊಬ್ಬಿಲ್ಲದ ಮೈ ಬೇಗ ತಣಿಯುವುದು. ಕಾಯಿಸಿಕೊಳ್ಳಲು ಮತ್ತೆ ಕ್ಯಾಲೊರಿ ಬೇಕು. 1970ರ ದಶಕದ ಕೊನೆಯಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ ಕಾವುಪೆಟ್ಟಿಗೆಗಳು ಸಾಲದೆ ಇದ್ದಾಗ ಎಡ್ಗಾರ್ ರೇ ಎಂಬ ವೈದ್ಯರು ಕೂಸನ್ನು ತಾಯಿಯ ಬರಿಯ ಎದೆಗೆ ಒತ್ತಿ ಕಟ್ಟುವ ಕ್ರಮವನ್ನು ಆರಂಭಿಸಿದರು. ಇದೇ ಇಂದಿನ ಕಾಂಗರೂ ಮಾತೃ ಆರೈಕೆ. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವು, ಹುಟ್ಟಿದ ಕೂಡಲೆ ಇದನ್ನು ಆರಂಭಿಸಿದರೆ ಕಡಿಮೆ ತೂಕದ ಶಿಶುಗಳ ಮರಣ ಸುಮಾರು ಕಾಲುಭಾಗದಷ್ಟು ತಗ್ಗುವುದೆಂದು ತೋರಿಸಿತು. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಕ್ರಮವನ್ನು ಸರಕಾರಿ ಆಸ್ಪತ್ರೆಗಳಿಂದ ಮನೆಗಳವರೆಗೆ ಹಬ್ಬಿಸುವ ಕಾರ್ಯ ನಡೆದಿದೆ. ಅಕ್ಕ ಊಟಕ್ಕೆ ಎದ್ದಾಗ ನಾನೂ ಕೂಸನ್ನು ಕಟ್ಟಿಕೊಂಡು ಕೂರುತ್ತಿದ್ದೆನು. ಅದರ ಎದೆಬಡಿತ ನನ್ನ ಎದೆಗೆ ತಾಗುವಷ್ಟು ಜೋರಾಗಿತ್ತು.

ಹೃದಯದ ದೋಷ ಸರಿಹೋಗದೆ ಬರಿಯ ಆಹಾರದಿಂದ ಪೂರ್ಣ ಬೆಳವಣಿಗೆ ಕಷ್ಟ. ತೆರೆದ ನಾಳವನ್ನು ಶಸ್ತ್ರಚಿಕಿತ್ಸೆಯಿಂದ ಮೊದಲು ಯಶಸ್ವಿಯಾಗಿ ಕಟ್ಟಿದವರು ಬಾಸ್ಟನ್ ನಗರದ ರಾಬರ್ಟ್ ಗ್ರಾಸ್. 1938ನೆಯ ಆಗಸ್ಟ್ 26ರಂದು, ಏಳು ವರ್ಷದ ಬಾಲಕಿಗೆ. ಆರು ವರ್ಷಗಳ ಬಳಿಕ, 1944ರ ನವೆಂಬರ್ 29ರಂದು, ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಇದಕ್ಕೆ ವಿಪರೀತವಾದ ಕೆಲಸ ನಡೆಯಿತು. ಶ್ವಾಸಕೋಶಕ್ಕೆ ರಕ್ತ ಸಾಲದೆ ಮೈ ನೀಲಿಗಟ್ಟುವ ಶಿಶುಗಳಿಗೆ ಅಂತಹ ನಾಳವೊಂದನ್ನು ಹೊಸದಾಗಿ ಕಟ್ಟಿಕೊಡಬಹುದೆಂದು ಹೆಲೆನ್ ಟೌಸಿಗ್ ಎಂಬ ವೈದ್ಯೆ ಊಹಿಸಿದ್ದರು. ಆಲ್ಫ್ರೆಡ್ ಬ್ಲೇಲಾಕ್ ಶಸ್ತ್ರಚಿಕಿತ್ಸೆ ಮಾಡಿದರು. ಆ ಮೊದಲನೆಯ ರೋಗಿಯೂ ದಿನ ತುಂಬುವ ಮುನ್ನ ಹುಟ್ಟಿದ ಹೆಣ್ಣು ಕೂಸೇ. ಒಂದೂಕಾಲು ವರ್ಷವಾಗಿದ್ದರೂ ಅದರ ತೂಕ ಐದು ಕಿಲೋ ಸಹ ಇರಲಿಲ್ಲ. ಆ ಕೂಸು ಮುಂದೆ ಕೆಲವು ತಿಂಗಳಷ್ಟೇ ಬದುಕಿತು. ಆದರೆ ಅದೇ ದಾರಿಯಲ್ಲಿ ಸಾವಿರಾರು ಶಿಶುಗಳು ಉಳಿದುವು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಬ್ಲೇಲಾಕರ ಹೆಗಲ ಹಿಂದೆ ನಿಂತು ಹೊಲಿಗೆಯ ಬಗೆಯನ್ನು ಹೇಳಿಕೊಡುತ್ತಿದ್ದವರು ವಿವಿಯನ್ ಥಾಮಸ್ ಎಂಬ ಕರಿಯ ಜನಾಂಗದ ಸಹಾಯಕರು. ಬಡಗಿಯ ಮಗ, ಕಾಲೇಜಿಗೆಂದು ಕೂಡಿಟ್ಟಿದ್ದ ಹಣ ಬ್ಯಾಂಕು ಮುಳುಗಿ ಹೋಗಿತ್ತು. ಪ್ರಯೋಗಶಾಲೆಯಲ್ಲಿ ನಾಯಿಗಳ ಮೇಲೆ ಆ ಕ್ರಮವನ್ನು ಸಾಧಿಸಿದವರು ಅವರೇ. ಅವರಿಗೆ ಆ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ, ಅದೂ ನ್ಯಾಯಶಾಸ್ತ್ರದಲ್ಲಿ! ವಿಷಯಾಂತರವಾದರೂ ಪದವಿಯ ಮುಖ ಕಾಣದ ಮನೆಯಿಂದ ಬಂದ ನನಗೆ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗಲಿಲ್ಲ.

ಈಗ ಅನೇಕ ಶಿಶುಗಳಲ್ಲಿ ನಾಳವು ಕಾಲಕ್ರಮದಲ್ಲಿ ತಾನಾಗಿ, ಇಲ್ಲವೆ ಔಷಧದಿಂದ ಮುಚ್ಚುವುದು. ಮುಚ್ಚದಿದ್ದರೆ ತೊಡೆಯ ರಕ್ತನಾಳದ ಮೂಲಕ ತಂತಿಯ ಸಣ್ಣ ಬಿರಡೆಯನ್ನು ಒಯ್ದು ಕೂರಿಸುವರು. 700 ಗ್ರಾಂ ತೂಕದ ಶಿಶುವಿಗೂ ಹೊಂದುವ ಬಿರಡೆಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ನಮ್ಮ ಕೂಸಿಗೆ ಔಷಧ ಫಲಿಸಲಿಲ್ಲ. 110ನೆಯ ದಿನ ಬಿರಡೆ ಕೂರಿಸಿದರು. ಮೂರನೆಯ ದಿನ ಅದು ನಿಲ್ಲಿಸದೆ ಹಾಲು ಕುಡಿಯಿತು. ಅಲ್ಲಿಂದ ಮೂರು ತಿಂಗಳು ದಿನಕ್ಕೆ 28 ಗ್ರಾಂ ಸರಾಸರಿ ಏರಿದುದನ್ನು ಪುಸ್ತಕದಲ್ಲಿ ಬರೆದಿದ್ದೇನೆ.

ಅಳೆಯುವ ಬಗೆಯಲ್ಲಿಯೂ ನಮ್ಮದೊಂದು ತಪ್ಪಿತ್ತು. 78ನೆಯ ದಿನ ಯಾರೋ ಪಟ್ಟಿ ನೋಡಿ ಎರಡೂವರೆ ತಿಂಗಳ ಕೂಸು ಐದು ಕಿಲೋ ಇರಬೇಕಲ್ಲ ಎಂದರು. ಅಕ್ಕ ಅಂದು ಊಟ ಮಾಡಲಿಲ್ಲ. ಆದರೆ 31 ವಾರಕ್ಕೆ ಹುಟ್ಟಿದ ಕೂಸು ಒಂಬತ್ತು ವಾರ ಮುಂಚೆ ಬಂದಂತಾಯಿತು. ಅದನ್ನು ಕಳೆದರೆ ಅಂದು ಅದರ ವಯಸ್ಸು ಬರಿಯ ಎರಡು ವಾರ. ಆ ವಯಸ್ಸಿಗೆ ಮೂರೂವರೆ ಕಿಲೋ ಸಾಕು. ನಮ್ಮ ಕೂಸು ಆಗಲೂ ಹಿಂದೆ ಬಿದ್ದಿತ್ತು, ನಿಜ. ಅಷ್ಟು ಹಿಂದೆ ಅಲ್ಲ. ಹಿಂದೆ ಬೀಳುವಾಗ ಮೊದಲು ತೂಕ, ಆ ಮೇಲೆ ಉದ್ದ, ಕೊನೆಗೆ ತಲೆಯ ಸುತ್ತಳತೆ ಕುಂಠಿತವಾಗುವುದು. ಆದುದರಿಂದ ತಲೆಯನ್ನೂ ಅಳೆಯಬೇಕು. ಕೂಸಿನ ತಲೆ ಬೆಳೆಯುತ್ತಿದ್ದುದು ನಮಗೆ ದೊಡ್ಡ ಸಮಾಧಾನವಾಗಿದ್ದಿತು.

ಹುಟ್ಟಿದ ದಿನದಿಂದ ವರ್ಷ ತುಂಬಿದಾಗ ಅಂಗನವಾಡಿಯ ತಕ್ಕಡಿಯಲ್ಲಿ ಕೂಸು 7,140 ಗ್ರಾಂ ತೂಗಿತು. ಒಂದು ವರ್ಷದ ಸಾಲಿನಲ್ಲಿ ಅದು ಕೆಳಗಿನ ಗೆರೆಯನ್ನು ಮುಟ್ಟಿಕೊಂಡಿದೆ. ಹತ್ತು ತಿಂಗಳ ಸಾಲಿನಲ್ಲಿ ಗೆರೆಯಿಂದ ಮೇಲಿದೆ. ಎರಡು ವರ್ಷವಾಗುವವರೆಗೆ ಎರಡು ವಯಸ್ಸನ್ನೂ ಪಕ್ಕಪಕ್ಕದಲ್ಲಿ ಬರೆಯಬೇಕೆಂದು ವೈದ್ಯರು ಹೇಳಿದ್ದಾರೆ. ನಾನು ಪರೀಕ್ಷೆಗೆ ಓದಿಕೊಳ್ಳುತ್ತಿರುವಾಗ ಈಗ ಅಕ್ಕನೇ ಬರೆಯುತ್ತಾಳೆ.